ಹುಲ್ಲಿನೊಳಗಿನವನು

ಹೋಟೆಲಿನ ಬಚ್ಚಲಲ್ಲಿ ಸೆನನ್ ಹೆಹಿರ್ ತನ್ನ ಎಡಗೈಯನ್ನು ಬಿಸಿನೀರಿನ ನಲ್ಲಿಯ ಕೆಳಗೆ ಹಿಡಿದು ನಿಂತಿದ್ದ. ಕೈ ಕೊಳೆಯಾಗಿರಲಿಲ್ಲ, ನೋಯುತ್ತಲೂ ಇರಲಿಲ್ಲ. ಆದರೆ ಆ ಕೈಯನ್ನು ಕಟ್ಟಿಕೊಂಡು ಜನರ ನಡುವೆ ಹೇಗೆ ಹೋಗುವುದು ಎಂದು ಅವನಿಗೆ ತಿಳಿಯದಾಗಿತ್ತು. ಗೋಡೆಯಾಚೆ ಊಟದ ಹಾಲಿನಲ್ಲಿ ಫ್ಲ್ಯಾನ್ ಕನ್ಸಿಡೈನನ ಮಣ್ಣಿಗೆ ಬಂದವರೆಲ್ಲ ಸೂಪು ಕುಡಿಯುತ್ತಿದ್ದರು. ಚಮಚಗಳ ಸದ್ದು, ನಡುನಡುವೆ ನಗೆ. ನಗುತ್ತಿರುವುದು ತನ್ನ ಬಗ್ಗೆಯೇ ಎಂದು ಒಮ್ಮೆ ಅನ್ನಿಸಿತು. ಮರುಕ್ಷಣ, ನಿನ್ನ ಬಗ್ಗೆ ನಗುವಷ್ಟು ಬಿಡುವು ಯಾರಿಗಿದೆಯೋ ಎಂದು ತನ್ನನ್ನೇ ಮೂದಲಿಸಿಕೊಂಡ. ಬೆಳಗಿನ ತನಕ ಎಲ್ಲವೂ ಸರಿಯಾಗಿಯೇ ಇತ್ತು. ಗೆಳೆಯ ಸತ್ತಿದ್ದ, ದುಃಖವಿತ್ತು, ಕರಿ ಕೋಟಿಗೆ ಇಸ್ತ್ರಿಯಾಗಿತ್ತು. ಫ್ಲ್ಯಾನನ ಹೆಂಡತಿ ಡಿಂಪ್ನಾ ಕೇಳಿಕೊಂಡಿದ್ದು ಒಂದೇ ಒಂದು. ‘ಪೆಟ್ಟಿಗೇನ ಚರ್ಚಿಂದ ಹೊರಗೆ ಒಯ್ಯುವಾಗ ಉಪ್ಪುನೀರಿನ ಹೊಲ ನುಡಿಸ್ಬಿಡು ಸೆನನ್. ಬೇರೇನೂ ಬೇಡ.’ ಉಪ್ಪುನೀರಿನ ಹೊಲ ಈ ಕಡಲ ಸೀಮೆಯವರು ಹೆಣ ಎತ್ತುವಾಗ ಪಿಟೀಲಿನಲ್ಲಿ ನುಡಿಸುವ ಶೋಕದ ಮಟ್ಟು. ಊರಿನ ಎಷ್ಟು ಜನರನ್ನು ಅವನು ಅದರ ಮೇಲೆ ಸಾಗಹಾಕಿದ್ದನೋ ಲೆಕ್ಕವಿಲ್ಲ. ನಿದ್ದೆಗಣ್ಣಿನಲ್ಲಿ ನುಡಿಸಬಹುದಾದದ್ದು.

ಆ ಮಟ್ಟಿಗೆ ಎರಡು ಭಾಗ. ಮೊದಲ ಭಾಗ ನೆಟ್ಟಗೆ ಹೋಯಿತು. ಚರ್ಚಿನ ಅಟ್ಟದ ಮೇಲಿಂದ ಕೆಳಗೆ ನೋಡಿದರೆ ಪೆಟ್ಟಿಗೆ ಹೆಗಲಿಗೇರಿತ್ತು. ಮುಂದಿನ ಮೂಲೆಗೆ ಫ್ಲ್ಯಾನನ ತಮ್ಮ ಮರ್ಟಿ ಹೆಗಲು ಕೊಟ್ಟಿದ್ದ, ಹಿಂದೆ ಡಿಂಪ್ನಾ ನಡೆಯುತ್ತಿದ್ದಳು. ಎರಡನೆಯ ಭಾಗಕ್ಕೆ ಹೊರಳುವಲ್ಲಿ ಸ್ವರ ಮೇಲೇರಿ, ಒಂದು ಉಸಿರಿನಷ್ಟು ನಿಂತು, ಅಳುತ್ತ ಇಳಿಯಬೇಕು. ಅವನ ಬೆರಳು ಏರಿತು, ನಿಲ್ಲಲಿಲ್ಲ. ಅದೇ ಸ್ವರಗಳಿಂದ ಶುರುವಾಗುವ ಇನ್ನೊಂದು ಮಟ್ಟಿದೆ. ಅದು ಅಳುವುದಲ್ಲ, ಕುಣಿಸುವುದು, ರೀಲ್ ಎಂಬ ಬಿರುಸು ಕುಣಿತದ್ದು. ಕಮಾನು ಅದರೊಳಗೆ ಜಾರಿಬಿಟ್ಟಿತು. ಹೀಗಾಗುವುದೇನೂ ಹೊಸದಲ್ಲ. ಒಂದು ಮಟ್ಟಿನಲ್ಲಿ ಹೊರಟು ಇನ್ನೊಂದರ ಮನೆ ಸೇರದ ಪಿಟೀಲುಗಾರ ಈ ಸೀಮೆಯಲ್ಲಿ ಹುಟ್ಟಿಲ್ಲ. ಪಬ್ಬಿನಲ್ಲಾದರೆ ಎಲ್ಲರೂ ನಕ್ಕು ಅವನ ಲೋಟ ತುಂಬಿಸುತ್ತಾರೆ. ಅಪ್ಪ ಕಲಿಸಿದ ಮೊದಲ ಪಾಠವೇ ಅದು: ‘ದಾರಿ ತಪ್ಪಿದ್ರೆ ನಿಂತ್ಕೋಬೇಡ. ನಿಂತ್ರೆ ತಪ್ಪು, ನಡೆದ್ರೆ ದಾರಿ.’ ಅವನು ನಡೆದ. ಆ ರೀಲನ್ನು ಪೂರ್ತಿ ನುಡಿಸಿದ, ಮುಗಿಸುವ ಜಾಗ ಸಿಗದೆ ಮತ್ತೆ ಮೊದಲಿಂದ ನುಡಿಸಿದ. ಕೆಳಗೆ ಹೆಣ ಹೊತ್ತವರ ಕಾಲುಗಳು ಅವರಿಗೇ ತಿಳಿಯದ ಹಾಗೆ ತಾಳಕ್ಕೆ ಬಿದ್ದವು. ಪೆಟ್ಟಿಗೆ ತೂಗಿತು. ಬೆಂಚಿನಲ್ಲಿದ್ದ ಮುದುಕಿಯರ ಮಂಡಿಗಳು ಅಲುಗಿದವು. ನಡೆಯುತ್ತಿದ್ದ ಡಿಂಪ್ನಾ ನಿಂತು, ತಲೆ ಎತ್ತಿ, ನೇರ ಅಟ್ಟದತ್ತ ನೋಡಿದಳು. ಅವಳ ಹಿಂದಿದ್ದವರೂ ನಿಲ್ಲಬೇಕಾಯಿತು. ಆ ನೋಟದಲ್ಲಿ ಏನಿತ್ತೆಂದು ಅವನು ಸ್ಮಶಾನದಲ್ಲಿ ಮಣ್ಣು ಬೀಳುವಾಗಲೂ ಯೋಚಿಸಿದ್ದ, ಈಗಲೂ ಯೋಚಿಸುತ್ತಿದ್ದ. ಸಿಟ್ಟಾಗಿದ್ದರೆ ಗುರುತು ಸಿಗುತ್ತಿತ್ತು. ಅವಳ ಸಿಟ್ಟನ್ನು ಅವನು ಬಲ್ಲ. ಅದು ಸಿಟ್ಟಾಗಿರಲಿಲ್ಲ.

ಬಾಗಿಲು ದಡದಡ ಬಡಿಯಿತು. ‘ಲೋ ಸೆನನ್, ಒಳಗೆ ಮೊಟ್ಟೆಗೆ ಕಾವು ಕೊಡ್ತಾ ಕೂತಿದೀಯೇನೋ? ಸೂಪು ಆರಿಹೋಯ್ತು.’ ಅಕ್ಕ ಕನ್ಸೆಪ್ಟಾ. ವಯಸ್ಸೆಲ್ಲ ಇಂಗ್ಲೆಂಡಿನಲ್ಲಿ ನರ್ಸಾಗಿ ದುಡಿದು, ನಿವೃತ್ತಿಯಾದ ಮೇಲೆ ತಮ್ಮನ ಮನೆಗೆ ಬಂದು, ಉಳಿದ ಒಬ್ಬನೇ ರೋಗಿ ಎಂಬಂತೆ ಅವನನ್ನು ನೋಡಿಕೊಳ್ಳುತ್ತಿದ್ದಳು. ಹೊರಬಂದವನ ಕೋಟಿನ ತೋಳು ಒದ್ದೆಯಾದದ್ದನ್ನು ಕಂಡು ಕರ್ಚೀಫು ತೆಗೆದು ಒರೆಸತೊಡಗಿದಳು.

‘ಅಲ್ವೋ, ಅದು ಯಾವ ಮಟ್ಟು? ಚಿಕ್ಕಂದಿನಲ್ಲೂ ಈಗಲೂ ನಿನ್ನ ಕುಯ್ಯೋ ಕುಯ್ಯೋ ಕೇಳಿದೀನಿ, ಅದನ್ನ ಮಾತ್ರ ಕೇಳಿಲ್ಲ.’

‘ಹಳೇದು ಬಿಡೆ.’

‘ಯಾರಿಂದ ಬಂದಿದ್ದು?’

‘ನೆನಪಿಲ್ಲ.’

ಒರೆಸುತ್ತಿದ್ದ ಕೈ ನಿಂತಿತು. ಸೆನನನಿಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ, ಇರುವುದು ಮಟ್ಟುಗಳು. ಪ್ರತಿಯೊಂದಕ್ಕೂ ಅದರ ವಂಶಾವಳಿ ಅವನ ನಾಲಗೆಯ ತುದಿಯಲ್ಲಿ: ಇದು ಅಪ್ಪನಿಂದ, ಅಪ್ಪನಿಗೆ ಕುರುಡು ಪಿಟೀಲುಗಾರನಿಂದ, ಅವನಿಗೆ ಅವನ ಚಿಕ್ಕಮ್ಮನಿಂದ. ಕೇಳಿದವರಿಗೂ ಕೇಳದವರಿಗೂ ಹೇಳಿ ತಲೆ ತಿನ್ನುವವನು. ಮಟ್ಟು ನುಡಿಸಿ ಅದು ಯಾರದೆಂದು ಹೇಳದವನು ಕಳ್ಳನ ಲೆಕ್ಕ. ‘ನಿನಗೆ? ನೆನಪಿಲ್ವಾ?’ ಎಂದಳು ಕನ್ಸೆಪ್ಟಾ. ಅವಳ ದನಿಯಲ್ಲಿ ನರ್ಸು ಇಣುಕಿದಳು. ಮುದಿತನದಲ್ಲಿ ಜನಕ್ಕೆ ಬರುವ ಆ ಮರೆವು ತನ್ನ ತಮ್ಮನಿಗೂ ಬಂತೇ ಎಂದು ಅವಳು ಲೆಕ್ಕ ಹಾಕುತ್ತಿರುವುದು ಅವನಿಗೆ ತಿಳಿಯಿತು. ಹಾಗೇ ಅಂದುಕೊಳ್ಳಲಿ ಎಂದುಕೊಂಡ. ಅದೇ ನಿಜವಿದ್ದರೂ ಇರಬಹುದು. ತಪ್ಪಿದ್ದು ಕೈ ಎಂದಾದರೆ ಅದು ಮುಪ್ಪು, ಪಾಪವಲ್ಲ. ಆದರೆ ಅಟ್ಟದ ಮೇಲೆ ಎರಡನೆಯ ಸಲ ಮೊದಲಿಂದ ಹಿಡಿದಾಗ ಅವನು ಶೋಕದ ಮಟ್ಟಿಗೆ ಮರಳಬಹುದಿತ್ತು. ಮರಳಲು ಬರುತ್ತಿರಲಿಲ್ಲವೇ? ಬರುತ್ತಿತ್ತು. ಅಥವಾ ಬರುತ್ತಿರಲಿಲ್ಲ. ಅಲ್ಲಿ ನಿಂತಿದ್ದವನನ್ನು ಈಗ ಕೇಳೋಣವೆಂದರೆ ಅವನು ಸಿಗುತ್ತಿಲ್ಲ.

ಹಾಲಿನಲ್ಲಿ ಕಾಲಿಟ್ಟದ್ದೇ ತಡ, ಫ್ಲ್ಯಾನನ ಬಳಿ ಕುಣಿತ ಕಲಿತ ದಪ್ಪ ಹೆಂಗಸೊಬ್ಬಳು ಅವನ ಎರಡೂ ಕೈ ಹಿಡಿದುಕೊಂಡಳು. ‘ಸೆನನ್, ಎಂಥಾ ತಲೆಯೋ ನಿಂದು! ಕುಣಿಯೋನನ್ನ ಕುಣಿಸ್ಕೊಂಡೇ ಕಳಿಸಿದ್ಯಲ್ಲೋ! ನನಗೆ ಅಳುನೂ ಬಂತು, ಕಾಲೂ ಎದ್ವು.’ ಅವನು ತಲೆಯಾಡಿಸಿದ. ಪಕ್ಕದಲ್ಲಿದ್ದ ಪಾದ್ರಿಗಳು, ‘ಮುಂದಿನ ಸಲ ನನಗೂ ಒಂದು ಮಾತು ಮೊದಲೇ ಹೇಳಿ ಮಿಸ್ಟರ್ ಹೆಹಿರ್. ದೇವರ ಮುಂದೆ ನನ್ನ ಕಾಲು ತಾಳ ಹಾಕೋದ್ರಲ್ಲಿತ್ತು,’ ಎಂದರು. ಅದಕ್ಕೂ ತಲೆಯಾಡಿಸಿದ. ತಪ್ಪನ್ನು ಜಾಣತನವೆಂದು ಎಲ್ಲರೂ ಒಪ್ಪಿಬಿಟ್ಟಿದ್ದರು. ಒಪ್ಪಿದ್ದನ್ನು ಅವನು ಸುಮ್ಮನೆ ಜೇಬಿಗಿಳಿಸುತ್ತಿದ್ದ. ಅವನ ಜಾಗ ಯಾವುದೋ ದೂರದ ಸೋದರತ್ತೆಯರ ಮೇಜಿನಲ್ಲಿತ್ತು, ಅಡುಗೆಮನೆಯ ಬಾಗಿಲಿಗೆ ಬೆನ್ನು ತಾಗುವ ಕುರ್ಚಿ. ಹುರಿದ ದನದ ಮಾಂಸ ಬಂತು, ಎರಡು ಬಗೆಯ ಆಲೂಗಡ್ಡೆ ಬಂತು. ಹಾಲಿನ ಇನ್ನೊಂದು ತುದಿಯಲ್ಲಿ ಡಿಂಪ್ನಾ ಯಾರದೋ ಕೈ ಹಿಡಿದು ಕೇಳಿಸಿಕೊಳ್ಳುತ್ತಿದ್ದಳು. ಒಂದು ಸಲವೂ ಇತ್ತ ತಿರುಗಲಿಲ್ಲ. ಗುರುವಾರ ಗುರುವಾರ ಅವಳ ಅಡುಗೆಮನೆಯಲ್ಲಿ ಹಂದಿಮಾಂಸ ಕೋಸು ತಿಂದು, ಫ್ಲ್ಯಾನನ ಜೊತೆ ಜಗಳಾಡಿ, ಮಳೆ ನಿಲ್ಲುವ ತನಕ ನುಡಿಸಿ ಬರುವುದು ಅವನ ಬಾಳಿನ ಕಟ್ಟಳೆ. ಆ ಬಾಗಿಲು ಇನ್ನು ಮುಚ್ಚಿದಂತೆಯೇ? ಅವಳಿಗೆ ಗುರುತು ಸಿಕ್ಕಿತ್ತೆಂದರೆ ಮುಖ ತೋರಿಸುವುದು ಹೇಗೆ? ಸಿಕ್ಕಿಲ್ಲವೆಂದರೆ? ಸಿಕ್ಕಿರದಿದ್ದರೆ ಎಂಬುದು ಇನ್ನೂ ಹೆಚ್ಚಿಗೆ ಚುಚ್ಚಿತು. ಯಾವುದಕ್ಕೆ ಹೆದರಬೇಕೆಂದೇ ಗೊತ್ತಾಗದೆ ಅವನು ಆಲೂಗಡ್ಡೆ ತಿಂದ.

ನುಡಿಸುವವನಿಗೆ ಯಾವ ಮನೆಗೆ ಹೋದರೂ ಒಲೆಯ ಪಕ್ಕದ ಕುರ್ಚಿ. ಅದು ಮರ್ಯಾದೆಯ ಕುರ್ಚಿ, ಮೊದಲ ಲೋಟವೂ ಅದಕ್ಕೇ. ಆದರೆ ಅದರಲ್ಲಿ ಕೂತವನು ಏಳುವಂತಿಲ್ಲ. ಅವನೆದ್ದರೆ ಕುಣಿತ ನಿಂತಿತು. ಊರಿನ ಗಂಡು ಹೆಣ್ಣುಗಳನ್ನೆಲ್ಲ ಜೋಡಿ ಮಾಡಿ ಸುತ್ತಿಸುವವನು ತಾನು ಯಾರ ಸೊಂಟಕ್ಕೂ ಕೈ ಹಾಕಿರುವುದಿಲ್ಲ. ನುಡಿಸುವಾಗ ಮುಖ ನೋಡಬಾರದು, ಕಾಲು ನೋಡಬೇಕು ಎನ್ನುತ್ತಿದ್ದ ಅಪ್ಪ. ಹಾಗಾಗಿ ಸೆನನ್ ಡಿಂಪ್ನಾಳನ್ನು ಪ್ರೀತಿಸಿದ್ದು ಪಾದದಿಂದ ಮೇಲಕ್ಕೆ. ಕಂದು ಬೂಟು, ಎಡಗಾಲಿನ ಲೇಸು ಯಾವಾಗಲೂ ಸಡಿಲ. ಒಂದು ಸಲ ಅವಳು ಗೋಡೆಗೊರಗಿ ಒಬ್ಬಳೇ ನಿಂತು ಕಾಲಿನಲ್ಲೇ ತಾಳ ಹಾಕುತ್ತಿದ್ದಾಗ, ‘ಆ ಹುಡುಗೀಗೆ ತಾಳ ಇದೆ, ಕರ್ಕೊಂಡು ಕುಣಿಯೋ,’ ಎಂದು ಫ್ಲ್ಯಾನನಿಗೆ ಹೇಳಿದ್ದೂ ಅವನೇ. ಅವಳ ಕಾಲು ಒಲೆಯ ಹತ್ತಿರ ಬರಲಿ ಎಂಬ ಆಸೆಗೆ. ಬಂತು. ಜೊತೆಗೆ ಫ್ಲ್ಯಾನನ ಕಾಲುಗಳೂ ಬಂದವು, ಮತ್ತೆ ಬಿಟ್ಟು ಹೋಗಲಿಲ್ಲ. ಫ್ಲ್ಯಾನ್ ಕುಣಿದರೆ ಕಲ್ಲುಹಾಸು ಮಾತಾಡುತ್ತಿತ್ತು, ಅದನ್ನು ಯಾರೂ ಅಲ್ಲಗಳೆಯರು. ಇವನು ನುಡಿಸಿದ್ದನ್ನು ಅವನು ನೆಲದ ಮೇಲೆ ಬರೆಯುತ್ತಿದ್ದ. ಇಬ್ಬರೂ ಸೇರಿ ಒಬ್ಬ ಮನುಷ್ಯ ಎಂದು ಜನ ಅನ್ನುತ್ತಿದ್ದರು. ಆ ಒಬ್ಬ ಮನುಷ್ಯನಿಗೆ ಹೆಂಡತಿ ಒಬ್ಬಳೇ, ಅದು ಮಾತ್ರ ಫ್ಲ್ಯಾನನ ಭಾಗಕ್ಕೆ.

ಮದುವೆಯ ದಿನ ಡಿಂಪ್ನಾಳ ತವರಿನಲ್ಲಿ ನುಡಿಸಿದವನೂ ಸೆನನೇ, ಇನ್ನಾರು. ಇಳಿಹೊತ್ತಿಗೆ ಅಂಗಳದಲ್ಲಿ ಗದ್ದಲವೆದ್ದಿತು. ಹುಲ್ಲುವೇಷದವರು ಬಂದಿದ್ದರು. ಕರೆಯದೆ ಬರುವ ಹೈದರು. ಮುಖ ಮುಚ್ಚಿ ಹೆಗಲ ತನಕ ಇಳಿಯುವ ಒಣಹುಲ್ಲಿನ ಟೊಪ್ಪಿಗೆ, ಸೊಂಟಕ್ಕೂ ಹುಲ್ಲು. ಮದುವಣಗಿತ್ತಿಯ ಜೊತೆ ಒಂದು ಸುತ್ತು ಕುಣಿದು ತುಟಿ ಎರಡು ಮಾಡದೆ ಹೊರಟುಹೋದರೆ ಮನೆಗೆ ಒಳ್ಳೆಯದು. ಒಳಗಿದ್ದವನು ಯಾರೆಂದು ಯಾರೂ ಕೇಳಬಾರದು, ಇದ್ದವನು ಸಾಯುವ ತನಕ ಹೇಳಿಕೊಳ್ಳಬಾರದು. ಹೇಳಿದರೆ ಆ ಜೋಡಿಗೆ ಕೇಡು. ಸೆನನ್ ಪಿಟೀಲನ್ನು ಕುರ್ಚಿಯ ಮೇಲಿಟ್ಟು, ಒಂದು ದಮ್ಮು ಎಳೆದು ಬರುತ್ತೇನೆಂದು ಹಿತ್ತಲಿಗೆ ಹೋದ. ಅಲ್ಲಿ ಹುಲ್ಲಿನ ಕೊಟ್ಟಿಗೆಯ ಗೋಡೆ ಹಿಡಿದುಕೊಂಡು ಮದುಮಗ ವಾಂತಿ ಮಾಡುತ್ತಿದ್ದ. ವಿಸ್ಕಿ ಅವನನ್ನು ಎರಡಾಗಿ ಮಡಚಿ ಹಾಕಿತ್ತು. ಕಟ್ಟೆಯ ಮೇಲೆ ಹುಲ್ಲುವೇಷದವನೊಬ್ಬ, ಹೊಳೆಯಾಚೆಯ ಹುಡುಗ, ಅಷ್ಟೇ ಕುಡಿದು ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡು ನಿದ್ದೆ ಹೋಗಿದ್ದ. ಅವನು ಆಮೇಲೆ ಕೆನಡಾಕ್ಕೆ ಹೋಗಿ ಅಲ್ಲೇ ಮಣ್ಣಾದ. ಟೊಪ್ಪಿಗೆಯನ್ನು ಎತ್ತಿಕೊಂಡ ಕ್ಷಣ ಸೆನನನಿಗೆ ನೆನಪಿಲ್ಲ. ನೆನಪಿರುವುದು ಒಳಗಿನ ಕತ್ತಲು, ಧೂಳು, ಹುಲ್ಲಿನ ಸಂದಿಯಲ್ಲಿ ಕಂಡ ಬಿಳಿ ಲಂಗ. ನುಡಿಸುವವನ ಕುರ್ಚಿ ಖಾಲಿಯಿದ್ದದ್ದನ್ನು ನೋಡಿ ಮೂಲೆಯಲ್ಲಿದ್ದ ಮುದುಕಿ ಪೆಗ್ಗಿ ಹ್ಯಾನ್ರಹನ್ ತನ್ನ ಕನ್ಸರ್ಟೀನಾವನ್ನು ತೊಡೆಗೆ ಎಳೆದುಕೊಂಡಳು. ಆ ಪುಟ್ಟ ಪೆಟ್ಟಿಗೆಯನ್ನು ಹಿಗ್ಗಿಸಿ ಕುಗ್ಗಿಸಿ ಅವಳು ನುಡಿಸಿದ್ದು ಯಾರೂ ಕೇಳಿರದ ಒಂದು ರೀಲ್, ಹೆಸರಿಲ್ಲದ್ದು. ಅವಳು ಅದನ್ನು ಯಾರಿಗೂ ಕೊಟ್ಟಿರಲಿಲ್ಲ, ಕೊಡಲೂ ಇಲ್ಲ. ಅದೇ ಚಳಿಗಾಲದಲ್ಲಿ ತೀರಿಕೊಂಡಳು. ಸೆನನ್ ಡಿಂಪ್ನಾಳ ಕೈ ಹಿಡಿದಿದ್ದ. ಕಾಲುಗಳನ್ನು ಏನು ಮಾಡಬೇಕೆಂದು ಜೀವಮಾನವೆಲ್ಲ ನೋಡಿ ಗೊತ್ತಿತ್ತು, ಮಾಡಲು ಬರುತ್ತಿರಲಿಲ್ಲ. ಅವಳ ಕಾಲು ತುಳಿದ. ಅವಳು ನಕ್ಕಳು. ಕಿವಿ ಮಾತ್ರ ತನ್ನ ಪಾಡಿಗೆ ತಾನು ಪೆಗ್ಗಿಯ ಮಟ್ಟನ್ನು ಕದಿಯುತ್ತಿತ್ತು.

ಕದ್ದದ್ದನ್ನು ಅವನು ಆಮೇಲೆ ಎಲ್ಲೂ ನುಡಿಸಲಿಲ್ಲ, ಬೀಗ ಹಾಕಿದ ಮನೆಯಲ್ಲೂ ಇಲ್ಲ. ಮಟ್ಟನ್ನು ಬಚ್ಚಿಡುವುದು ಈ ಜನಕ್ಕೆ ಕದಿಯುವುದಕ್ಕಿಂತ ದೊಡ್ಡ ಪಾಪ. ಅದಕ್ಕಾಗಿ ಅವನು ನಾಚಿಕೊಂಡಿದ್ದಾನೆ. ವರ್ಷಗಳು ಕಳೆದಂತೆ ಅದು ನಡೆದೇ ಇಲ್ಲವೇನೋ ಎನ್ನಿಸುವುದೂ ಉಂಟು. ಪಿಟೀಲು ಹಿಡಿದು ಕೂತ ಒಬ್ಬ ಬ್ರಹ್ಮಚಾರಿ ಕಟ್ಟಿಕೊಂಡ ಕನಸು, ಅದಕ್ಕೊಂದು ಹುಲ್ಲಿನ ಟೊಪ್ಪಿಗೆ. ಹಾಗಿದ್ದರೆ ಬೆರಳಿಗೆ ಆ ಮಟ್ಟು ಬಂದದ್ದೆಲ್ಲಿಂದ? ಒಂದು ಸಲವೂ ನುಡಿಸದ ಬೆರಳು ಒಂದು ಸ್ವರವನ್ನೂ ಬಿಡದೆ ನುಡಿಸಿದ್ದು ಹೇಗೆ? ಇಷ್ಟು ವರ್ಷ ಆ ಬೆರಳು ಅವನಿಗೆ ಹೇಳದೆ ಒಳಗೊಳಗೇ ಅಭ್ಯಾಸ ಮಾಡುತ್ತಿತ್ತೇ? ಫ್ಲ್ಯಾನ್ ಬದುಕಿರುವ ತನಕ ಸುಮ್ಮನಿದ್ದು, ಅವನ ಪೆಟ್ಟಿಗೆಗೆ ಮೊಳೆ ಬಿದ್ದ ಮೇಲೆ, ಅವನ ಹೆಣದ ಮೇಲೆಯೇ ಕುಣಿಯಿತೇ? ಈ ಯೋಚನೆ ಬಂದಾಗ ಸೆನನ್ ತಟ್ಟೆಯನ್ನು ಪಕ್ಕಕ್ಕೆ ಸರಿಸಿದ. ಅವನು ಫ್ಲ್ಯಾನನನ್ನು ಪ್ರೀತಿಸಿದ್ದ. ಅದರಲ್ಲಿ ಸುಳ್ಳಿರಲಿಲ್ಲ.

‘ಲೇ ಹೆಹಿರ್.’ ಮರ್ಟಿ ಎದುರಿಗೆ ನಿಂತಿದ್ದ. ಟೈ ಸಡಿಲಿಸಿದ್ದ, ಬಲಹೆಗಲ ಕೋಟು ಪೆಟ್ಟಿಗೆಯ ಭಾರಕ್ಕೆ ಇನ್ನೂ ಮುದುರಿತ್ತು. ‘ಏಳೋ ಮೇಲೆ.’

ಸೆನನ್ ಎದ್ದ. ಸೋದರತ್ತೆಯರು ಚಮಚ ಕೆಳಗಿಟ್ಟರು.

‘ಎಲ್ಲರೂ ನಿನ್ನ ಬೆನ್ನು ತಟ್ತಿದಾರೆ. ನಾನು ತಟ್ಟೋಕೆ ಬಂದಿಲ್ಲ. ನಮ್ಮಣ್ಣನ್ನ ಹೊತ್ಕೊಂಡು ನಾನು ಕುಣಿದ್ಬಿಟ್ನಲ್ಲೋ! ಅಳ್ತಾ ಹೋಗ್ಬೇಕಾದೋನು ಕುಣ್ಕೊಂಡ್ ಹೋದೆ. ನನ್ ಕಾಲು ನನ್ ಮಾತೇ ಕೇಳಲಿಲ್ಲ.’ ಮರ್ಟಿ ಮುದುರಿದ ಹೆಗಲನ್ನು ತಟ್ಟಿಕೊಂಡ. ‘ಯಾಕೋ ಹಂಗೆ ಮಾಡ್ದೆ? ಸತ್ತೋನ ಮೇಲೆ ಏನಿತ್ತೋ ನಿನಗೆ?’

‘ಏನೂ ಇರಲಿಲ್ಲ ಮರ್ಟಿ. ಕೈ ತಪ್ತು.’

‘ಕೈ ತಪ್ತಂತೆ! ಬೇರೆ ಯಾರಾದ್ರೂ ಅಂದಿದ್ರೆ ನಂಬ್ತಿದ್ದೆ.’ ಮರ್ಟಿ ಅವನ ಮುಖವನ್ನು ಸ್ವಲ್ಪ ಹೊತ್ತು ನೋಡಿದ. ಏನು ಕಂಡಿತೋ, ಸಿಟ್ಟು ಇಳಿದುಹೋಯಿತು. ಇಳಿದದ್ದು ಕ್ಷಮೆಯಿಂದಲ್ಲ, ಮರುಕದಿಂದ ಎಂದು ಸೆನನನಿಗೆ ಗೊತ್ತಾಗಿ ಮೈ ಹಿಡಿಯಾಯಿತು. ‘ಅತ್ತಿಗೆ ಕರೀತಿದಾಳೆ. ಗಾಜಿನ ಪಡಸಾಲೆಯಲ್ಲಿ ಕೂತಿದಾಳೆ, ಒಬ್ಬಳೇ. ಹೋಗು. ಅವಳ ಹತ್ರ ಕೈ ತಪ್ತು ಕಾಲು ತಪ್ತು ಅನ್ಬೇಡ.’

ಹಾಲಿನ ಉದ್ದಕ್ಕೂ ನಡೆಯುವಾಗ ಜನ ಮತ್ತೆ ಅವನ ತೋಳು ಹಿಡಿದರು, 'ಭೇಷ್' ಎಂದರು. ಕನ್ಸೆಪ್ಟಾ ದೂರದಿಂದಲೇ ಏನೆಂದು ಹುಬ್ಬು ಹಾರಿಸಿದಳು. ಕಡಲಿಗೆ ಮುಖ ಮಾಡಿದ ಪಡಸಾಲೆಯಲ್ಲಿ ಗಾಳಿ ಗಾಜನ್ನು ನಡುಗಿಸುತ್ತಿತ್ತು. ಡಿಂಪ್ನಾ ಬೆತ್ತದ ಕುರ್ಚಿಯಲ್ಲಿ ಕೂತು ಕರಿ ಬೂಟು ಕಳಚಿಟ್ಟಿದ್ದಳು. ಕಾಲುಚೀಲದೊಳಗೆ ಪಾದಗಳು ಊದಿದ್ದವು. ಅವನಿಗೆ ಹಳೆಯ ಅಭ್ಯಾಸ, ಮೊದಲು ಕಂಡದ್ದು ಅವೇ. ಆಮೇಲೆ ಎಲ್ಲಿ ನೋಡುವುದೆಂದು ತಿಳಿಯದೆ ಕಡಲು ನೋಡಿದ.

‘ಕೂತ್ಕೋ. ಊಟ ಆಯ್ತಾ?’

‘ಆಯ್ತು.’

‘ಮಾಂಸ ಬೆಂದಿರ್ಲಿಲ್ಲ. ಫ್ಲ್ಯಾನ್ ಇದ್ದಿದ್ರೆ ಅಡುಗೆಯವನನ್ನ ಹೊರಗೆ ಕರೆಸ್ತಿದ್ದ.’ ಅವಳು ಕಾಲು ತಿಕ್ಕಿಕೊಂಡಳು. ‘ಆ ಮಟ್ಟು ನಿನಗೆಲ್ಲಿ ಸಿಕ್ತು ಸೆನನ್?’

‘ಡಿಂಪ್ನಾ, ಅದು ಕೈ ತಪ್ಪಿ...’

‘ಕೈ ತಪ್ಪೋಕೂ ಮಟ್ಟು ಗೊತ್ತಿರ್ಬೇಕಲ್ಲ.’

ಅವನು ಪಕ್ಕದ ಕುರ್ಚಿಯ ಅಂಚಿನಲ್ಲಿ ಕೂತ.

‘ಅದು ಪೆಗ್ಗೀದು. ಅವಳು ಅದನ್ನ ನುಡಿಸಿದ್ದು ನನ್ ಮದುವೆ ದಿನ, ಹುಲ್ಲುವೇಷದವರು ಬಂದಾಗ. ಆಮೇಲೆ ನಾನು ಕೇಳೇ ಇಲ್ಲ. ಅಡುಗೆ ಮಾಡ್ತಾ ಗುನುಗೋಕೆ ನೋಡ್ತೀನಿ, ಮೊದಲ ನಾಕು ಸ್ವರ ಆಗಿ ಮುಂದಕ್ಕೆ ಬರಲ್ಲ. ನೀನಾಗ ಒಳಗಿರ್ಲಿಲ್ಲ. ದಮ್ಮು ಎಳೆಯೋಕೆ ಹೋಗಿದ್ದೆ. ನಿನ್ ಕುರ್ಚಿ ಖಾಲಿ, ಅದರ ಮೇಲೆ ಪಿಟೀಲು. ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.’

ಬಂತು, ಎಂದುಕೊಂಡ ಸೆನನ್. ಎದೆ ಹೊಡೆದುಕೊಳ್ಳುವುದು ಅವಳಿಗೂ ಕೇಳಿಸುತ್ತಿದೆಯೇನೋ ಎಂದು ಕೋಟಿನ ಗುಂಡಿ ಹಾಕಿದ. ಹೇಳಬಾರದೆಂಬ ಕಟ್ಟು ಇರುವುದು ಆ ಜೋಡಿಗೆ ಕೇಡಾಗಬಾರದೆಂದು. ಈಗ ಜೋಡಿ ಎಲ್ಲಿದೆ? ಒಬ್ಬ ಮಣ್ಣಿನಲ್ಲಿದ್ದಾನೆ. ಇನ್ನು ಕೇಡು ಯಾರಿಗೆ? ಅವಳು ಕೇಳಲಿ, ಕೇಳಿದರೆ ಹೌದು ಎಂದುಬಿಡುತ್ತೇನೆ. ಆಮೇಲೆ ಅವಳು ಕೆನ್ನೆಗೆ ಹೊಡೆದರೂ ಸರಿ, ನಕ್ಕರೂ ಸರಿ. ಆ ತೀರ್ಮಾನಕ್ಕೆ ಬಂದ ಕೂಡಲೇ ಅವನಿಗೆ ಎಷ್ಟೋ ಹಗುರವಾಯಿತು, ನಾಚಿಕೆಯಾಗುವಷ್ಟು. ಅಟ್ಟದ ಮೇಲೆ ಆದದ್ದು ತಪ್ಪಲ್ಲ, ಇದಕ್ಕಾಗಿಯೇ ಆದದ್ದು ಎಂದೂ ಅನ್ನಿಸಿಬಿಟ್ಟಿತು.

‘ಫ್ಲ್ಯಾನ್ ಹೇಳಿದ್ನಾ ನಿನಗೆ?’ ಎಂದಳು ಡಿಂಪ್ನಾ.

‘ಏನನ್ನ?’

‘ಹುಲ್ಲಿನೊಳಗಿದ್ದೋನು ಅವನೇ ಅಂತ.’

ಗಾಜು ನಡುಗಿತು. ಅವಳು ಅವನತ್ತ ನೋಡುತ್ತಿರಲಿಲ್ಲ. ತನ್ನ ಕಾಲಿಗೇ ಹೇಳುವಂತೆ ಮಾತಾಡುತ್ತಿದ್ದಳು. ‘ಅವನೂ ಒಳಗಿರ್ಲಿಲ್ಲ ಆಗ. ಎಲ್ಲ ಮುಗಿದ ಮೇಲೆ ಬಂದ, ಮುಖ ತೊಳ್ಕೊಂಡು, ಕಾಲರಿನ ಮೇಲೆ ಹುಲ್ಲು. ನಾನು ಬಾಯಿ ಬಿಡಲಿಲ್ಲ, ಕೇಳಬಾರದಲ್ಲ. ಆದ್ರೆ ನನಗೆ ಆವಾಗ್ಲೇ ಗೊತ್ತಾಗಿತ್ತು. ಹೇಗೆ ಹೇಳು? ತುಂಬ ಕೆಟ್ಟದಾಗಿ ಕುಣಿದ! ಯಾವ ದಡ್ಡನೂ ಅಷ್ಟು ಕೆಟ್ಟದಾಗಿ ಕುಣಿಯಲ್ಲ. ಬೇಕಂತಲೇ ಹೆಜ್ಜೆ ತಪ್ಪಿಸಿದ, ನನ್ ಕಾಲು ತುಳಿದ, ಗುರುತು ಸಿಗಬಾರದು ಅಂತ. ಆ ಜಂಬದ ಕೋಳಿ, ನನಗೋಸ್ಕರ, ಎಲ್ಲರೆದುರಿಗೆ ದಡ್ಡನ ಹಾಗೆ ಕುಣಿದ.’ ಅವಳು ನಕ್ಕಳು, ಕಣ್ಣೊರೆಸಿಕೊಂಡಳು. ‘ಅವನು ಎಂಥೋನು ಅಂತ ನಿನಗೆ ಗೊತ್ತಲ್ಲ. ನನ್ ಜೊತೆ ಕುಣಿಯುವಾಗ್ಲೂ ಕಣ್ಣು ಅವನ ಕಾಲಿನ ಮೇಲೇ. ನನ್ನ ಒಂದು ಕುರ್ಚಿ ತಿರುಗಿಸಿದ ಹಾಗೆ ತಿರುಗಿಸ್ತಿದ್ದ. ಮನೆಯಲ್ಲೂ ಹಾಗೇ. ಒಂದು ದಿನ ಒಂದು ಮೆತ್ತನೆ ಮಾತು ಅಂತ ಆಡಲಿಲ್ಲ. ಆದ್ರೆ ಆವತ್ತು, ಆ ಹುಲ್ಲಿನೊಳಗೆ, ಅವನ ಕೈ ನಡುಗ್ತಿತ್ತು ಸೆನನ್. ಬೆರಳೆಲ್ಲ ಒದ್ದೆ. ಸಿಟ್ಟು ಬಂದಾಗೆಲ್ಲ ಆ ಕೈ ನೆನೆಸ್ಕೋತಿದ್ದೆ. ಹೊರಗಡೆ ಹೇಗಾದ್ರೂ ಇರ್ಲಿ, ಒಳಗೆ ಇಂಥೋನು ಇದಾನೆ ಅಂತ. ಅದೊಂದರ ಮೇಲೆ ಸಂಸಾರ ಮಾಡಿದೀನಿ.’

ಸೆನನ್ ತನ್ನ ಎಡಗೈಯನ್ನು ಬಲಗೈಯಲ್ಲಿ ಹಿಡಿದುಕೊಂಡ.

‘ಒಂದ್ಸಲ ಅವನ ಬಾಯಿಂದ ಕೇಳಬೇಕು ಅಂತಿದ್ದೆ. ಆಸ್ಪತ್ರೆಯಲ್ಲಿ ಕೇಳೋಣ ಅಂದ್ಕೊಂಡೆ, ಅಷ್ಟರಲ್ಲಿ ಮಾತು ನಿಂತುಹೋಯ್ತು. ಆಮೇಲೆ ನನಗೇ ಅನುಮಾನ. ಎಲ್ಲ ನಾನೇ ಕಟ್ಕೊಂಡ ಕತೆಯೇನೋ ಅಂತ. ಇವತ್ತು ನೀನು ಆ ಮಟ್ಟು ಎತ್ತಿದಾಗ ನನಗೆ ನೆಲ ಹೋದ ಹಾಗಾಯ್ತು. ನೀನು ಅಲ್ಲಿರ್ಲಿಲ್ಲ, ಪೆಗ್ಗಿ ಯಾರಿಗೂ ಕೊಡಲಿಲ್ಲ. ಅವನೇ ಗುನುಗಿ ನಿನಗೆ ಕೊಟ್ಟಿರ್ಬೇಕು. ಹೌದು ತಾನೆ? ನಿಜ ಹೇಳು. ಇಲ್ಲ ಅಂದ್ರೆ ಇಲ್ಲ ಅನ್ನು, ತಡ್ಕೋತೀನಿ.’

ತಡೆದುಕೊಳ್ಳುವುದಿಲ್ಲ ಎಂಬುದು ಅವಳ ಕತ್ತಿನ ನರದಲ್ಲಿ ಕಾಣುತ್ತಿತ್ತು. ಕೊಟ್ಟಿಗೆಯ ಗೋಡೆ ಹಿಡಿದು ಬಗ್ಗಿದ್ದ ಫ್ಲ್ಯಾನ್ ಕಣ್ಣ ಮುಂದೆ ಬಂದ. ಕಾಲರಿಗೆ ಹುಲ್ಲು ಅಂಟಿದ್ದು ಅಲ್ಲೇ. ಸೆನನನಿಗೆ ಮೊದಲು ಬಂದದ್ದು ಸಿಟ್ಟು, ಬಿಳುಪೇರಿದ ಸಿಟ್ಟು. ಸತ್ತ ಮೇಲೂ ಇವನು ನನ್ನ ಮಟ್ಟಿಗೆ ಕುಣಿಯುತ್ತಾನಲ್ಲ. ಅದು ನಾನು, ನಾನು ಎಂದು ನಾಲಗೆಯ ಮೇಲೆ ಬಂತು. ಬಂದದ್ದು ಅಲ್ಲೇ ನಿಂತು, ನಿಜವೇ ಎಂದು ಅವನನ್ನೇ ಕೇಳಿತು. ಅವಳು ಅಷ್ಟು ವರ್ಷ ಆ ಕೈಯನ್ನು ನೆನೆದು ಬಾಳಿದ್ದಾಳೆ. ಅವನು ಅದನ್ನು ಬಚ್ಚಿಟ್ಟದ್ದು ಬಿಟ್ಟು ಏನು ಮಾಡಿದ್ದಾನೆ? ಇಬ್ಬರಲ್ಲಿ ಯಾರ ಬಳಿ ಇದ್ದದ್ದು ನಿಜವಾದ ಕೈ ಎಂದು ಅವನಿಗೆ ತಿಳಿಯಲಿಲ್ಲ. ಮಟ್ಟು ಯಾರಿಂದ ಬಂತೆಂದು ಕೇಳಿದರೆ ಹೇಳಬೇಕು.

‘ಅವನಿಂದಲೇ ಬಂತು,’ ಎಂದ.

ಡಿಂಪ್ನಾ ಕಣ್ಣು ಮುಚ್ಚಿದಳು. ‘ಏನಂದ?’

‘ಅಂದರೆ?’

‘ಮಟ್ಟು ಕೊಟ್ಟು ಸುಮ್ಮನಾಗೋನಲ್ಲ ಅವನು. ಏನೋ ಅಂದಿರ್ತಾನೆ. ಹೇಳು, ನನಗೆ ಬೇಕು.’

ಸೆನನ್ ಕಡಲನ್ನು ನೋಡುತ್ತ ಹೇಳಿದ. ಮೊದಲು ತಡವರಿಸಿತು, ಆಮೇಲೆ ತಡವರಿಸಲಿಲ್ಲ. ‘ಕೈ ನಡುಗ್ತಿತ್ತು ಕಣೋ, ನಿಲ್ಲಿಸೋಕೇ ಆಗಲಿಲ್ಲ ಅಂದ. ಹುಲ್ಲಿನೊಳಗೆ ಉಸಿರು ಕಟ್ತಿತ್ತು, ಆದ್ರೂ ಪೆಗ್ಗಿ ನಿಲ್ಲಿಸ್ಬಾರದು ಅಂತ ದೇವರಿಗೆ ಬೇಡ್ಕೋತಿದ್ದೆ ಅಂದ. ಅವಳ ಬೂಟಿನ ಲೇಸು ಬಿಚ್ಚಿತ್ತು, ಬಗ್ಗಿ ಕಟ್ಟೋಣ ಅನ್ನಿಸ್ತು, ಧೈರ್ಯ ಆಗಲಿಲ್ಲ ಅಂದ. ಅವಳು ನಕ್ಕಳು, ಆ ನಗು ಸಾಕು ನನಗೆ ಅಂದ. ಆಮೇಲೆ ಎಷ್ಟು ಮನೇಲಿ, ಎಷ್ಟು ಮದುವೇಲಿ, ಯಾರ್ಯಾರು ಕುಣಿದ್ರೂ ನನಗೆ ಕಂಡಿದ್ದು ಅವಳೊಬ್ಬಳೇ ಅಂದ. ಹೇಳೋಕೆ ಬಾಯಿ ಬರಲಿಲ್ಲ, ಅಷ್ಟೇ ಅಂದ.’

ಅವಳು ಅಳುತ್ತಿದ್ದಳು, ಸದ್ದಿಲ್ಲದೆ, ಮುಖದ ತುಂಬ ಸಂತೋಷ. ಅವನ ತೋಳಿನ ಮೇಲೆ ಕೈಯಿಟ್ಟು ಒತ್ತಿದಳು. ‘ಆ ಮುಠ್ಠಾಳ,’ ಎಂದಳು. ‘ನನಗೆ ಹೇಳೋಕೆ ಏನಾಗಿತ್ತು ಅವನಿಗೆ? ಎದುರಿಗೇ ಇದ್ನಲ್ಲ ನಾನು, ಇಷ್ಟು ವರ್ಷ!’

‘ಹೇಳಬಾರದಲ್ಲ. ಕಟ್ಟು ಹಾಗಿದೆ.’

‘ಅದೂ ನಿಜ.’ ಅವಳು ಬಗ್ಗಿ ಬೂಟುಗಳಿಗೆ ಕಾಲು ತೂರಿಸಿದಳು, ಕರ್ಚೀಫಿನಿಂದ ಮೂಗು ಒರೆಸಿಕೊಂಡಳು. ಒಳಗೆ ಜನ ಕಾಯುತ್ತಿದ್ದರು. ಏಳಲು ಅವನ ಭುಜ ಹಿಡಿದವಳು ಅರ್ಧದಲ್ಲೇ ನಿಂತು, ಈಗಷ್ಟೇ ಹೊಳೆಯಿತೆಂಬಂತೆ ಅವನ ಮುಖ ನೋಡಿದಳು.

‘ಊರಿನ ಗಂಡಸರ ಜೊತೆಗೆಲ್ಲ ಕುಣಿದಿದೀನಿ,’ ಎಂದಳು. ‘ನಿನ್ ಜೊತೆ ಮಾತ್ರ ಒಂದ್ಸಲನೂ ಇಲ್ಲ ನೋಡು.’

‘ನುಡಿಸೋನಲ್ವಾ ನಾನು,’ ಎಂದ ಸೆನನ್.